‘ವಯಸ್ಸಾಗಿತ್ತು’ ಅನ್ನೋ ಕಾಯಿಲೆ

ನಮ್ಮೂರಲ್ಲಿ ವಯಸ್ಸಾದವರು ತೀರಿಕೊಂಡಾಗ ‘ಏನಾಗಿತ್ತು?’ ಅಂತ ಕೇಳೋದು ಬರೀ ಮರ್ಯಾದೆಗೆ. ಉತ್ತರ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ‘ಏನಿಲ್ಲ, ವಯಸ್ಸಾಗಿತ್ತು. ಮೂರು ದಿನದಿಂದ ಊಟ ಬಿಟ್ಟಿದ್ರು. ಎದೇಲಿ ಕಫ ಕಟ್ಟಿತ್ತು. ಪುಣ್ಯಾತ್ಮರು, ನರಳಲಿಲ್ಲ.’ ಇಷ್ಟರಲ್ಲಿ ಕಾಯಿಲೆಯ ಹೆಸರು ಎಲ್ಲೂ ಬರೋದಿಲ್ಲ. ಆದರೆ ಊಟ ಬಿಟ್ಟದ್ದು, ಕಫ ಕಟ್ಟಿದ್ದು, ಮೂರ್ನಾಲ್ಕು ದಿನದಲ್ಲಿ ಮುಗಿದದ್ದು, ಎಲ್ಲ ಬಂದಿದೆ. ಇಂಥ ಎಷ್ಟೋ ಸಾವುಗಳಿಗೆ ಪುಸ್ತಕದಲ್ಲಿ ಒಂದು ಹೆಸರಿದೆ, ನ್ಯುಮೋನಿಯಾ. ನಮ್ಮಲ್ಲಿ ಅದು ಮಕ್ಕಳ ಕಾಯಿಲೆ ಅಂತಲೇ ಲೆಕ್ಕ. ಮುದುಕರಿಗೆ ಬಂದರೆ ಅದರ ಹೆಸರು ‘ವಯಸ್ಸು’.

ನಾನು ಡಾಕ್ಟರಲ್ಲ. ಬಿಇ ಓದಿ ಕೋಡ್ ಬರೆದು ಸಂಬಳ ತಗೊಳ್ಳೋನು. ಆದರೆ ಕೆಲಸದಲ್ಲಿ ಒಂದು ಅಭ್ಯಾಸ ಬಿದ್ದಿದೆ. ಸರ್ವರ್ ಬಿದ್ದಾಗ ಯಾರಾದ್ರೂ ‘ಹಳೇ ಮೆಷಿನ್ನು, ಬಿತ್ತು’ ಅಂದರೆ ಒಪ್ಪೋಕಾಗಲ್ಲ. ಹಳೇದಾದ್ರೆ ಏನು? ಡಿಸ್ಕ್ ತುಂಬಿತ್ತಾ, ಫ್ಯಾನ್ ನಿಂತಿತ್ತಾ, ಯಾವುದು ಮೊದಲು ಹೋಯ್ತು? ಇದೇ ಪ್ರಶ್ನೆಯನ್ನು ವಯಸ್ಸಾದವರ ನ್ಯುಮೋನಿಯಾ ಬಗ್ಗೆ ವೈದ್ಯರು ಕೇಳಲು ಶುರುಮಾಡಿ ಹತ್ತಿರ ಹತ್ತಿರ ಇನ್ನೂರು ವರ್ಷ ಆಯ್ತು. ನಡುನಡುವೆ ಅವರೂ ನಮ್ಮೂರವರ ಥರ ‘ವಯಸ್ಸಾಗಿತ್ತು’ ಅಂತ ಕೈ ತೊಳೆದುಕೊಂಡದ್ದಿದೆ. ಈ ಕಥೆಯಲ್ಲಿ ನನಗೆ ಹಿಡಿಸೋದು ಆ ಜಗ್ಗಾಟವೇ.

ಶುರು ಮಾಡಬೇಕಾದ್ದು ಪ್ಯಾರಿಸ್ಸಿನಿಂದ. 1820ರ ದಶಕದಲ್ಲಿ ಅಲ್ಲಿ ಜ್ವರ ಬಂದರೂ ರಕ್ತ ತೆಗೆಯೋದು, ಎದೆ ನೋವಿಗೂ ರಕ್ತ ತೆಗೆಯೋದು. ಜಿಗಣೆಗಳನ್ನು ಫ್ರಾನ್ಸ್ ಕೋಟಿಗಟ್ಟಲೆ ಆಮದು ಮಾಡಿಕೊಳ್ಳುತ್ತಿದ್ದ ಕಾಲ ಅದು. ಪಿಯೆರ್ ಲೂಯಿ ಎಂಬ ವೈದ್ಯರಿಗೆ ಈ ಚಿಕಿತ್ಸೆಯ ಬಗ್ಗೆ ಅನುಮಾನ. ಅವರು ಮಾಡಿದ್ದು ಇಷ್ಟೇ: ನ್ಯುಮೋನಿಯಾ ಆದ 77 ಜನರ ದಾಖಲೆ ಹಿಡಿದು ಎಣಿಸಿದರು. ಮೊದಲ ನಾಲ್ಕು ದಿನದೊಳಗೆ ರಕ್ತ ತೆಗೆಸಿಕೊಂಡವರು 41 ಜನ, ಅದರಲ್ಲಿ 18 ಜನ ಸತ್ತರು. ತಡವಾಗಿ ತೆಗೆಸಿಕೊಂಡವರು 36, ಸತ್ತವರು 9. ‘ಬೇಗ ರಕ್ತ ತೆಗೆದಷ್ಟೂ ಒಳ್ಳೇದು’ ಅನ್ನೋ ನಂಬಿಕೆ ಬೀಳೋಕೆ ಅಷ್ಟು ಸಾಕಿತ್ತು.

ನನ್ನ ಕಣ್ಣಿಗೆ ಬಿದ್ದದ್ದು ಆ ಶೇಕಡಾವಾರಿಗಿಂತ ಅವರು ರೋಗಿಗಳನ್ನು ಆರಿಸಿಕೊಂಡ ರೀತಿ. ಕಾಯಿಲೆ ಶುರುವಾಗುವ ಹೊತ್ತಿಗೆ ಪೂರ್ತಿ ಆರೋಗ್ಯವಾಗಿದ್ದವರನ್ನು ಮಾತ್ರ ಅವರು ಲೆಕ್ಕಕ್ಕೆ ತಗೊಂಡರು. ಮೊದಲೇ ಬೇರೆ ಕಾಯಿಲೆ ಇದ್ದವರನ್ನು ಸೇರಿಸಿದರೆ ಸತ್ತದ್ದು ಯಾವುದರಿಂದ ಅಂತ ಹೇಳೋಕಾಗಲ್ಲ ಅಂತ ಅವರಿಗೆ ಗೊತ್ತಿತ್ತು. ವಯಸ್ಸನ್ನೂ ನೋಡಿಯೇ ಹೋಲಿಸಬೇಕು ಅಂತ ವಾದಿಸಿದರು. ಅಂದರೆ, ನ್ಯುಮೋನಿಯಾ ಒಂದೇ ಆದರೂ ಅದು ಹೊಕ್ಕುವ ಮೈ ಒಂದೇ ಅಲ್ಲ ಅನ್ನೋದು ಆಗಲೇ ಲೆಕ್ಕದ ಪುಸ್ತಕದಲ್ಲಿ ಕೂತಿತ್ತು. ಕಂಪ್ಯೂಟರ್ ಇಲ್ಲ, ಸ್ಪ್ರೆಡ್‌ಶೀಟ್ ಇಲ್ಲ. ಬರೀ ಕೈಬರಹದ ಕೇಸ್ ಶೀಟು.

ಅದೇ ಊರಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಗೆ ಹೋಗೋಣ. ಒಂದು ಕಾಲಕ್ಕೆ ಅದು ಮದ್ದುಗುಂಡಿನ ಕಾರ್ಖಾನೆಯಾಗಿದ್ದ ಜಾಗ. 19ನೇ ಶತಮಾನದಲ್ಲಿ ಸಾವಿರಾರು ಬಡ ಹೆಂಗಸರು, ಅದರಲ್ಲೂ ಗತಿಯಿಲ್ಲದ ಮುದುಕಿಯರು ಅಲ್ಲಿ ತುಂಬಿದ್ದರು. 1862ರಲ್ಲಿ ಅಲ್ಲಿಗೆ ವೈದ್ಯರಾಗಿ ಬಂದವರು ಜಾನ್ ಮಾರ್ಟಿನ್ ಶಾರ್ಕೋ. ಮುಂದೆ ನರರೋಗದ ದೊಡ್ಡ ಹೆಸರಾದವರು. ಆದರೆ ಅದಕ್ಕೂ ಮೊದಲು ಅವರು ಮುಪ್ಪಿನ ಕಾಯಿಲೆಗಳ ಬಗ್ಗೆಯೇ ಉಪನ್ಯಾಸ ಕೊಟ್ಟರು. ಇಡೀ ಆಸ್ಪತ್ರೆ ತುಂಬ ಮುದುಕಿಯರೇ ಇದ್ದಾಗ ಅವರು ಕಂಡದ್ದು ಬೇರೆಯವರು ಕಾಣದ್ದು. ಹರೆಯದವರಿಗೆ ನ್ಯುಮೋನಿಯಾ ಬಂದರೆ ಗಲಾಟೆ: ಚಳಿ ನಡುಕ, ಸುಡುವ ಜ್ವರ, ಕೆಮ್ಮು, ಎದೆಯಲ್ಲಿ ಇರಿದ ಹಾಗೆ ನೋವು. ಮುದುಕಿಯರಿಗೆ ಇದು ಯಾವುದೂ ಇಲ್ಲದೆ ಅರ್ಧ ಶ್ವಾಸಕೋಶ ಕೆಟ್ಟಿರುತ್ತಿತ್ತು. ಮೈ ಮುಟ್ಟಿದರೆ ತಣ್ಣಗಿರುತ್ತಿತ್ತು. ಹಾಗಾಗಿ ಶಾರ್ಕೋ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟರೆ ಸಾಲದು, ಗುದದ್ವಾರದಲ್ಲಿ ಇಟ್ಟು ನೋಡಬೇಕು ಅಂತ ಹಟ ಹಿಡಿದರು. ಹೊರಗೆ ತಣ್ಣಗೆ ಕಂಡವರ ಒಳಗೆ ಜ್ವರ ಸಿಗುತ್ತಿತ್ತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪ. 74 ವಯಸ್ಸು, ಐವತ್ತರವರೆಗೂ ಬೀಡಿ ಸೇದಿದ ಎದೆ, ಎರಡು ವರ್ಷದ ಹಿಂದೆ ಸಣ್ಣಗೆ ಲಕ್ವ ಹೊಡೆದು ಸರಿಹೋಗಿತ್ತು. ಒಂದು ದಿನ ಊಟ ಬೇಡ ಅಂದರು. ಮಾರನೇ ದಿನ ಹತ್ತು ವರ್ಷದ ಹಿಂದೆ ಮಾರಿದ ಎತ್ತಿನ ಹೆಸರು ಹಿಡಿದು ‘ನೀರು ತೋರಿಸಿದ್ರಾ?’ ಅಂತ ಕೇಳಿದರು. ಜ್ವರ ಇಲ್ಲ, ಕೆಮ್ಮೂ ಇಲ್ಲ ಅನ್ನೋಷ್ಟು. ಅಕ್ಕಪಕ್ಕದವರು ‘ಅರಳುಮರಳು, ಬಿಡಿ’ ಅಂದರು. ಅರವತ್ತಕ್ಕೆ ಅರಳುಮರಳು ಅಂತ ಗಾದೇನೇ ಇದೆಯಲ್ಲ, 74ಕ್ಕೆ ಯಾಕೆ ಬರಬಾರದು? ನನ್ನ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಒಪ್ಪಲಿಲ್ಲ. ‘ಮೊನ್ನೆ ಸೋಮವಾರ ಸಂತೆ ಲೆಕ್ಕ ಪೈಸೆ ತಪ್ಪದೆ ಹೇಳಿದೋರಿಗೆ ಬುಧವಾರ ಹೆಂಗೋ ಅರಳುಮರಳು ಬರುತ್ತೆ?’ ಅಂತ ಆಟೋ ಕರೆಸಿದ. ತಾಲ್ಲೂಕಿನ ಡಾಕ್ಟರು ಮಾತಾಡಿಸುತ್ತಲೇ ಗಡಿಯಾರ ನೋಡಿ ಉಸಿರು ಎಣಿಸಿದರು. ನಿಮಿಷಕ್ಕೆ 34. ಆಮೇಲೆ ಎಕ್ಸ್-ರೇ, ಬಲಗಡೆ ಕೆಳಭಾಗ ಪೂರ್ತಿ ಬೆಳ್ಳಗೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಎತ್ತು ಮಾರಿದ್ದು ನೆನಪಿಗೆ ಬಂತು, ಎಷ್ಟಕ್ಕೆ ಮಾರಿದ್ದು ಅನ್ನೋದೂ.

ಅಣ್ಣ ಹೇಳಿದ ಆ ಸೋಮವಾರ–ಬುಧವಾರದ ಮಾತೇ ಇಲ್ಲಿ ಮುಖ್ಯ. ಮರೆವಿನ ಕಾಯಿಲೆ ವರ್ಷಗಟ್ಟಲೆ ತಗೊಂಡು ಬರುತ್ತೆ. ಎರಡು ದಿನದಲ್ಲಿ ಬಂದ ಗಲಿಬಿಲಿಗೆ ಬೇರೆ ಕಾರಣ ಇರುತ್ತೆ. ಜ್ವರ ಅನ್ನೋದು ಸೋಂಕು ಮಾಡುವ ಕೆಲಸ ಅಂತ ನಾವು ಅಂದುಕೊಳ್ತೀವಿ. ನಿಜಕ್ಕೂ ಅದು ಮೈಯ ಪ್ರತಿಕ್ರಿಯೆ. ವಯಸ್ಸಾದಂತೆ ಆ ಪ್ರತಿಕ್ರಿಯೆ ಮಂಕಾಗುತ್ತೆ. ಅಲಾರಂ ಹೊಡೆಯದಿದ್ದರೆ ಬೆಂಕಿ ಇಲ್ಲ ಅಂತಲ್ಲ.

ಅಂದಹಾಗೆ, ಚಳಿಗೆ ಹೋದರೆ ನ್ಯುಮೋನಿಯಾ ಅನ್ನೋ ಮಾತಿಗೆ ಅಮೆರಿಕದಲ್ಲಿ ಒಬ್ಬ ಅಧ್ಯಕ್ಷರೇ ಉದಾಹರಣೆ. 1841ರ ಮಾರ್ಚ್ 4ರಂದು, 68ನೇ ವಯಸ್ಸಿನಲ್ಲಿ, ವಿಲಿಯಂ ಹೆನ್ರಿ ಹ್ಯಾರಿಸನ್ ಕೋಟಿಲ್ಲದೆ ಚಳಿಯಲ್ಲಿ ನಿಂತು ಹೆಚ್ಚುಕಡಿಮೆ ಎರಡು ಗಂಟೆ ಭಾಷಣ ಮಾಡಿದರು, ಏಪ್ರಿಲ್ 4ಕ್ಕೆ ತೀರಿಕೊಂಡರು. ಶಾಲಾ ಪುಸ್ತಕಗಳಲ್ಲಿ ಇದು ಶೀತದ ಪಾಠ. ಆದರೆ ಅವರಿಗೆ ಕಾಯಿಲೆ ಶುರುವಾದದ್ದು ಭಾಷಣ ಮುಗಿದು ಮೂರು ವಾರದ ಮೇಲೆ. 2014ರಲ್ಲಿ ಇಬ್ಬರು ಸಂಶೋಧಕರು ಅವರ ವೈದ್ಯರ ಟಿಪ್ಪಣಿ ತಿರುಗಿ ಓದಿ, ಶ್ವೇತಭವನದ ನೀರಿಗೆ ಹತ್ತಿರದ ಚರಂಡಿ ಕೊಳೆ ಸೇರಿ ಬಂದ ಕರುಳಿನ ಜ್ವರ ಇರಬೇಕು ಅಂತ ವಾದಿಸಿದರು. ಮುದುಕರ ವಿಷಯದಲ್ಲಿ ನಾವು ಮೊದಲು ಕೈಗೆ ಸಿಕ್ಕ ಕಾರಣ ಹಿಡಿದುಕೊಂಡು ಬಿಡ್ತೀವಿ, ಶೀತ ಅಥವಾ ವಯಸ್ಸು.

ಈಗ ವಿಲಿಯಂ ಆಸ್ಲರ್. ಕೆನಡಾದಲ್ಲಿ ಹುಟ್ಟಿ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪಾಠ ಮಾಡಿ, ಆಕ್ಸ್‌ಫರ್ಡಿಗೆ ಹೋದವರು. ಅವರ ಕಾಲದ ಅತಿ ದೊಡ್ಡ ವೈದ್ಯ ಗುರು. 1892ರಲ್ಲಿ ಬಂದ ಅವರ ಪಠ್ಯಪುಸ್ತಕವನ್ನು ಓದದೆ ಇಂಗ್ಲಿಷಿನಲ್ಲಿ ಡಾಕ್ಟರ್ ಆದವರು ಆಗ ಕಡಿಮೆ. ಮೊದಲ ಆವೃತ್ತಿಯಲ್ಲಿ ಅವರು ನ್ಯುಮೋನಿಯಾವನ್ನು ಮುಪ್ಪಿನ ವಿಶೇಷ ಶತ್ರು ಅಂತ ಗುರುತಿಸಿದ್ದರು. 1898ರ ಮೂರನೇ ಆವೃತ್ತಿಗೆ ಬರುವ ಹೊತ್ತಿಗೆ ಅದೇ ಕಾಯಿಲೆ ಮುದುಕರ ಮಿತ್ರ ಆಗಿಬಿಟ್ಟಿತ್ತು. ಬೇಗ ಮುಗಿಯುತ್ತೆ, ಹೆಚ್ಚು ನೋವಿಲ್ಲ, ಹಾಸಿಗೆ ಹಿಡಿದು ಕೊಳೆಯೋದು ತಪ್ಪುತ್ತೆ ಅನ್ನೋ ಭಾವ. ನಮ್ಮೂರಿನ ‘ಪುಣ್ಯಾತ್ಮರು, ನರಳಲಿಲ್ಲ’ಕ್ಕೂ ಇದಕ್ಕೂ ಏನು ವ್ಯತ್ಯಾಸ? ಆರು ವರ್ಷದಲ್ಲಿ ಶತ್ರು ಮಿತ್ರನಾದದ್ದು ಹೇಗೆ ಅಂತ ನಾನು ತುಂಬ ಯೋಚಿಸಿದ್ದೇನೆ. ರೋಗಾಣು ಸಿಕ್ಕಿತ್ತು. 1881ರಲ್ಲೇ ಫ್ರಾನ್ಸಿನಲ್ಲಿ ಪಾಶ್ಚರ್, ಅಮೆರಿಕದಲ್ಲಿ ಸ್ಟರ್ನ್‌ಬರ್ಗ್ ಅದನ್ನು ಬೇರೆ ಬೇರೆಯಾಗಿ ಕಂಡಿದ್ದರು. ಔಷಧಿ ಮಾತ್ರ ಇರಲಿಲ್ಲ. ಕೈಯಲ್ಲಿ ಏನೂ ಇಲ್ಲದ ವೈದ್ಯ ಮನೆಯವರಿಗೆ ಹೇಳಬಹುದಾದ ಒಳ್ಳೆ ಮಾತು ಅದು. ಅದಕ್ಕೆ ಆಸ್ಲರ್ ಮೇಲೆ ನನಗೆ ಸಿಟ್ಟಿಲ್ಲ. ಔಷಧಿ ಬಂದ ಮೇಲೂ ಆ ಮಾತನ್ನು ಇಟ್ಟುಕೊಂಡವರ ಮೇಲಿದೆ.

ಆಸ್ಲರ್ ಅವರ ಕೊನೆಯೂ ಅದರಲ್ಲೇ ಆಯ್ತು. ಅವರಿಗೆ ಜೀವನವಿಡೀ ಆಗಾಗ ಎದೆ ಕಟ್ಟುವ ತೊಂದರೆ ಇತ್ತು. 1917ರಲ್ಲಿ ಒಬ್ಬನೇ ಮಗ ಯುದ್ಧದಲ್ಲಿ ಸತ್ತ, ಅಲ್ಲಿಂದ ಕುಗ್ಗಿಹೋದರು. 1919ರ ಶರತ್ಕಾಲದಲ್ಲಿ ರೈಲ್ವೆ ಮುಷ್ಕರ ಇದ್ದದ್ದರಿಂದ ದೂರದಿಂದ ಕಾರಿನಲ್ಲಿ ವಾಪಸು ಬಂದು ಮಲಗಿದವರು ಏಳಲಿಲ್ಲ. ಜಗತ್ತು ಫ್ಲೂನಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಸಮಯ. ನ್ಯುಮೋನಿಯಾ ಆಗಿ, ಎದೆಯಲ್ಲಿ ಕೀವು ತುಂಬಿ, ಆಪರೇಷನ್ ಆಗಿ, ಡಿಸೆಂಬರ್ 29ರಂದು ತೀರಿಕೊಂಡರು. 70 ವಯಸ್ಸು. ಹಾಸಿಗೆಯಲ್ಲಿ ಕಳೆದದ್ದು ಸುಮಾರು ಮೂರು ತಿಂಗಳು. ಬೇಗ ಮುಗಿಸುವ ಮಿತ್ರನ ಕೆಲಸ ಅದಲ್ಲ.

ಮುಂದಿನ ಕಥೆ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಲವಾದರೂ ಬಂದಿರುತ್ತೆ. ಸ್ಕಾಟ್ಲೆಂಡಿನ ಬಡ ರೈತ ಫ್ಲೆಮಿಂಗ್ ಕೆಸರಿನಲ್ಲಿ ಮುಳುಗುತ್ತಿದ್ದ ಹುಡುಗನನ್ನು ಉಳಿಸಿದ. ಹುಡುಗನ ಶ್ರೀಮಂತ ಅಪ್ಪ ರೈತನ ಮಗನನ್ನು ಓದಿಸಿದ. ಆ ಮಗ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದ, ಅದೇ ಪೆನಿಸಿಲಿನ್ ಮುಂದೆ ಆ ಹುಡುಗನನ್ನು, ಅಂದರೆ ಚರ್ಚಿಲ್‌ರನ್ನು, ನ್ಯುಮೋನಿಯಾದಿಂದ ಉಳಿಸಿತು. ಕೊನೆಗೆ ಎರಡು ಕೈಮುಗಿದ ಇಮೋಜಿ. ಕಥೆ ಚೆನ್ನಾಗಿದೆ, ನಡೆದದ್ದಲ್ಲ. ಚರ್ಚಿಲ್‌ಗೆ ನ್ಯುಮೋನಿಯಾ ಆದದ್ದು ನಿಜ, 1943ರ ಡಿಸೆಂಬರಿನಲ್ಲಿ, ಟ್ಯುನೀಷಿಯಾದ ಕಾರ್ತೇಜಿನಲ್ಲಿ, 69ನೇ ವಯಸ್ಸಿನಲ್ಲಿ. ಅದೇ ವರ್ಷ ಫೆಬ್ರವರಿಯಲ್ಲೂ ಒಮ್ಮೆ ಆಗಿತ್ತು. ಕೊಟ್ಟದ್ದು ಪೆನಿಸಿಲಿನ್ ಅಲ್ಲ, ಸಲ್ಫಾ ಜಾತಿಯ ಮಾತ್ರೆ. ಮೇ ಅಂಡ್ ಬೇಕರ್ ಕಂಪನಿಯ ಮೊದಲ ಅಕ್ಷರ ಹಿಡಿದು ಜನ ಅದನ್ನು ‘ಎಂ ಅಂಡ್ ಬಿ’ ಅನ್ನುತ್ತಿದ್ದರು. ಈ ಕಥೆಯಲ್ಲಿ ವಾಟ್ಸಾಪಿಗೆ ಬಾರದ ಒಂದು ವಿವರ ಇದೆ: ನ್ಯುಮೋನಿಯಾ ನಡುವೆಯೇ ಅವರ ಹೃದಯದ ತಾಳ ತಪ್ಪಿತು, ಅದಕ್ಕೆ ಡಿಜಿಟಾಲಿಸ್ ಕೊಡಬೇಕಾಯ್ತು. ಹಿರಿಯರಲ್ಲಿ ಶ್ವಾಸಕೋಶದ ಸೋಂಕು ಶ್ವಾಸಕೋಶದಲ್ಲೇ ನಿಲ್ಲಲ್ಲ. ಆಮ್ಲಜನಕ ಕಡಿಮೆಯಾಗಿ, ಉರಿಯೂತ ಹೆಚ್ಚಾಗಿ, ಮೊದಲೇ ದಣಿದ ಹೃದಯದ ಮೇಲೆ ಭಾರ ಬೀಳುತ್ತೆ. ಅದಕ್ಕೇ ಹೃದಯ ದುರ್ಬಲ ಇದ್ದವರಿಗೆ ನ್ಯುಮೋನಿಯಾ ಇಷ್ಟು ಅಪಾಯ.

ಸಲ್ಫಾ ಹಿಂದೆಯೇ ಪೆನಿಸಿಲಿನ್ ಬಂತು. ಎಲ್ಲರೂ ‘ಮುಗೀತು ಕಥೆ’ ಅಂದುಕೊಂಡರು. ಎಷ್ಟರಮಟ್ಟಿಗೆ ಅಂದರೆ, 1940ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಲ್ಲಿ ಆರು ಬಗೆಯ ನ್ಯುಮೊಕಾಕಸ್ ರೋಗಾಣುಗಳ ವಿರುದ್ಧ ಲಸಿಕೆ ಇತ್ತು. ಕೊಳ್ಳುವವರೇ ಇಲ್ಲದೆ ಕಂಪನಿಯೇ ಅದನ್ನು ವಾಪಸು ತಗೊಂಡಿತು. ಎರಡು ಇಂಜೆಕ್ಷನ್ನಿಗೆ ಗುಣ ಆಗುವ ಕಾಯಿಲೆಗೆ ಲಸಿಕೆ ಯಾಕೆ?

ಇದನ್ನು ನಂಬದವರು ರಾಬರ್ಟ್ ಆಸ್ಟ್ರಿಯನ್. ಇಡೀ ಚರಿತ್ರೆಯಲ್ಲಿ ನನಗೆ ಅತಿ ಇಷ್ಟವಾದ ಮನುಷ್ಯ. 1952ರಲ್ಲಿ ಅವರು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಕಿಂಗ್ಸ್ ಕೌಂಟಿ ಆಸ್ಪತ್ರೆಗೆ ಬಂದರು. ನ್ಯುಮೊಕಾಕಸ್ ನ್ಯುಮೋನಿಯಾ ಈಗ ಅಪರೂಪ ಅನ್ನೋದು ಆಗಿನ ಮಾತು. ಆಸ್ಟ್ರಿಯನ್ ಕಫ ಮತ್ತು ರಕ್ತವನ್ನು ಸರಿಯಾಗಿ ಪರೀಕ್ಷಿಸುತ್ತ ಹೋದರು. ಹುಡುಕಿದಷ್ಟೂ ಸಿಕ್ಕಿತು. ಕಾಯಿಲೆ ಹೋಗಿರಲಿಲ್ಲ, ನೋಡುವವರು ಹೋಗಿದ್ದರು. ಹತ್ತು ವರ್ಷ ಲೆಕ್ಕ ಇಟ್ಟು 1964ರಲ್ಲಿ ಜೆರೋಮ್ ಗೋಲ್ಡ್ ಜೊತೆ ಪ್ರಕಟಿಸಿದ ಲೇಖನದಲ್ಲಿ ಎರಡು ವಿಷಯ ಇತ್ತು. ರೋಗಾಣು ರಕ್ತಕ್ಕೆ ಇಳಿದವರಲ್ಲಿ, ಪೆನಿಸಿಲಿನ್ ಕೊಟ್ಟರೂ, ಸುಮಾರು ಆರರಲ್ಲಿ ಒಬ್ಬರು ಸಾಯುತ್ತಿದ್ದರು. ಸತ್ತವರಲ್ಲಿ ವಯಸ್ಸಾದವರು, ಮೊದಲೇ ಬೇರೆ ದೀರ್ಘ ಕಾಯಿಲೆ ಇದ್ದವರು ಹೆಚ್ಚು.

ಎರಡನೆಯದು ಇನ್ನೂ ಕಟು. ಚಿಕಿತ್ಸೆ ಇಲ್ಲದವರು, ಹಳೇ ಕಾಲದ ಸೀರಮ್ ಪಡೆದವರು, ಪೆನಿಸಿಲಿನ್ ಪಡೆದವರು, ಈ ಮೂರೂ ಗುಂಪಿನ ಗ್ರಾಫ್ ಪಕ್ಕಪಕ್ಕ ಇಟ್ಟಾಗ ಮೊದಲ ಐದು ದಿನ ಮೂರು ಗೆರೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದವು. ಆ ಐದು ದಿನದೊಳಗೆ ಸಾಯುವವರನ್ನು ಪೆನಿಸಿಲಿನ್ ಉಳಿಸುತ್ತಿರಲಿಲ್ಲ. ಔಷಧಿ ರೋಗಾಣುವನ್ನು ಕೊಲ್ಲಬಹುದು. ಅಷ್ಟರಲ್ಲಿ ಮೈಗೆ ಆಗಿಹೋದ ಹಾನಿಯನ್ನು ವಾಪಸು ತರಲ್ಲ. ಹಾನಿ ತಡೆದುಕೊಳ್ಳುವ ಶಕ್ತಿ ಯಾರಿಗೆ ಕಡಿಮೆಯೋ ಅವರು ಹೋಗುತ್ತಾರೆ. ಹಾಗಾದರೆ ಯಾರಿಗೆ ಕಡಿಮೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಅಥವಾ ಕಾಯಿಲೆಯೇ ಬಾರದ ಹಾಗೆ ನೋಡಬೇಕು. ಆಸ್ಟ್ರಿಯನ್ ಎರಡನೇ ದಾರಿ ಹಿಡಿದು ಮಾರುಕಟ್ಟೆ ಮರೆತ ಲಸಿಕೆಗೆ ವಾಪಸು ಹೋದರು. 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ, ಹೊಸದಾಗಿ ಕೆಲಸಕ್ಕೆ ಬಂದು ಕಿಕ್ಕಿರಿದ ವಸತಿಗಳಲ್ಲಿ ಮಲಗುತ್ತಿದ್ದ ಹರೆಯದ ಕಾರ್ಮಿಕರ ಮೇಲೆ ಪರೀಕ್ಷೆ ನಡೆಯಿತು, ಲಸಿಕೆ ಚೆನ್ನಾಗಿ ಕೆಲಸ ಮಾಡಿತು. 14 ಬಗೆಯ ಲಸಿಕೆಗೆ 1977ರಲ್ಲಿ ಅಮೆರಿಕದಲ್ಲಿ ಅನುಮತಿ, 1983ಕ್ಕೆ 23 ಬಗೆಯದ್ದು.

ಇಲ್ಲೊಂದು ವಿಪರ್ಯಾಸ. ಪರೀಕ್ಷೆ ಆದದ್ದು ಗಟ್ಟಿಮುಟ್ಟಾದ ಹುಡುಗರ ಮೇಲೆ, ಬೇಕಾಗಿದ್ದದ್ದು ಮುದುಕರಿಗೆ. 1986ರಲ್ಲಿ ಅಮೆರಿಕದ ಮಾಜಿ ಸೈನಿಕರಲ್ಲಿ, ಅದೂ ಅಪಾಯ ಹೆಚ್ಚಿರುವ 2,295 ಜನರಲ್ಲಿ, ಪರೀಕ್ಷೆ ಮಾಡಿದಾಗ ಲಸಿಕೆಯಿಂದ ಲಾಭ ಕಾಣಲಿಲ್ಲ. ಜ್ವರ ಬರಿಸಲಾಗದ ಮೈಗೆ ಲಸಿಕೆಗೆ ಪ್ರತಿಕ್ರಿಯಿಸುವುದೂ ಕಷ್ಟ. ಈ ಜಗಳ ದಶಕಗಟ್ಟಲೆ ನಡೆದು, ಬೇರೆ ತಂತ್ರದ, ಪ್ರೋಟೀನಿಗೆ ಅಂಟಿಸಿದ ಲಸಿಕೆಯನ್ನು ನೆದರ್ಲೆಂಡ್ಸ್‌ನಲ್ಲಿ 65 ದಾಟಿದ 84,496 ಜನರಲ್ಲಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು. ಲಸಿಕೆಯಲ್ಲಿದ್ದ ಬಗೆಗಳ ನ್ಯುಮೋನಿಯಾ ಸುಮಾರು ಶೇ. 46ರಷ್ಟು ಕಡಿಮೆಯಾಗಿತ್ತು.

ಇನ್ನೊಂದು ದಾರಿ, ಅಂದರೆ ಯಾರಿಗೆ ಅಪಾಯ ಅಂತ ಮೊದಲೇ ಅಳೆಯೋದು, ನನ್ನ ವೃತ್ತಿಗೆ ಹತ್ತಿರದ್ದು. 1997ರಲ್ಲಿ ಮೈಕಲ್ ಫೈನ್ ಮತ್ತು ಸಂಗಡಿಗರು 14,199 ರೋಗಿಗಳ ದಾಖಲೆಯಿಂದ ಒಂದು ಅಂಕಪಟ್ಟಿ ತಯಾರಿಸಿ, ಅದನ್ನು ಇನ್ನೂ 38,039 ಜನರ ಮೇಲೆ ಪರೀಕ್ಷಿಸಿದರು. ಪಟ್ಟಿ ಓದಿದರೆ ಕೋಡ್ ಓದಿದ ಹಾಗೇ ಇದೆ. ಗಂಡಸಾದರೆ ಎಷ್ಟು ವರ್ಷವೋ ಅಷ್ಟು ಅಂಕ, ಹೆಂಗಸಾದರೆ ಅದರಲ್ಲಿ 10 ಕಳೆ. ವೃದ್ಧಾಶ್ರಮದಲ್ಲಿದ್ದರೆ 10 ಕೂಡು. ಕ್ಯಾನ್ಸರ್ ಇದ್ದರೆ 30, ಲಿವರ್ ಕಾಯಿಲೆಗೆ 20, ಹೃದಯ ವೈಫಲ್ಯ, ಲಕ್ವ, ಕಿಡ್ನಿ ಕಾಯಿಲೆಗೆ ತಲಾ 10. ಆಮೇಲೆ ಉಸಿರು, ಬಿಪಿ, ಗಲಿಬಿಲಿ, ರಕ್ತದ ಸೋಡಿಯಂ ಹೀಗೆ. ಇದು ನ್ಯುಮೋನಿಯಾ ಯಾರಿಗೆ ಬರುತ್ತೆ ಅನ್ನೋ ಪಟ್ಟಿ ಅಲ್ಲ, ಬಂದವರಲ್ಲಿ ಯಾರು ಸಾಯಬಹುದು ಅನ್ನೋದು. ಎರಡನ್ನೂ ಬೆರೆಸಬಾರದು. ಬೀಡಿ ಸಿಗರೇಟು, ಹಳೇ ದಮ್ಮಿನ ಕಾಯಿಲೆ, ಸಕ್ಕರೆ ಕಾಯಿಲೆ ನ್ಯುಮೋನಿಯಾ ಬರುವ ಸಾಧ್ಯತೆ ಹೆಚ್ಚಿಸುತ್ತವೆ, ಆದರೆ ಈ ಪಟ್ಟಿಯಲ್ಲಿ ಅವಕ್ಕೆ ಕಾಯಿಲೆಯ ಹೆಸರಿನಲ್ಲಿ ಅಂಕ ಇಲ್ಲ.

ಈ ಕೋಡನ್ನು ನಾನು ರಿವ್ಯೂ ಮಾಡಿದ್ದರೆ ಒಂದು ಕಮೆಂಟ್ ಹಾಕ್ತಿದ್ದೆ. 80 ವರ್ಷದ ಗಂಡಸು ಸುಮ್ಮನೆ ಬಾಗಿಲಲ್ಲಿ ನಿಂತರೇ 80 ಅಂಕ, ಬೇರೇನೂ ಇಲ್ಲದೆ ಮೂರನೇ ದರ್ಜೆ. 30 ವರ್ಷದವನಿಗೆ ಉಸಿರು 30 ದಾಟಿ, ತಲೆ ಗಲಿಬಿಲಿ ಆಗಿದ್ದರೂ ಒಟ್ಟು 70, ಅಂದರೆ ಎರಡನೇ ದರ್ಜೆ, ಅಪಾಯ ಕಡಿಮೆ ಅನ್ನೋ ಗುಂಪು! ವಯಸ್ಸಿಗೆ ಇಷ್ಟು ಭಾರ ಕೊಟ್ಟರೆ ಉಳಿದದ್ದೆಲ್ಲ ಮಂಕಾಗುತ್ತೆ. ‘ವಯಸ್ಸಾಗಿತ್ತು’ ಅನ್ನೋದು ಇಲ್ಲಿ ಗಣಿತವಾಗಿ ಕೂತಿದೆ.

2003ರಲ್ಲಿ ಬ್ರಿಟನ್, ನ್ಯೂಜಿಲೆಂಡ್, ನೆದರ್ಲೆಂಡ್ಸ್‌ನ 1,068 ರೋಗಿಗಳ ಮಾಹಿತಿಯಿಂದ ಬಂದ ‘ಕರ್ಬ್-65’ ಇದಕ್ಕಿಂತ ಚೊಕ್ಕ. ಐದೇ ಪ್ರಶ್ನೆ, ತಲಾ ಒಂದು ಅಂಕ. ಹೊಸದಾಗಿ ಗಲಿಬಿಲಿ ಆಗಿದೆಯಾ, ರಕ್ತದಲ್ಲಿ ಯೂರಿಯಾ ಲೀಟರಿಗೆ 7 ಮಿಲಿಮೋಲ್ ದಾಟಿದೆಯಾ, ಉಸಿರು ನಿಮಿಷಕ್ಕೆ 30 ಅಥವಾ ಹೆಚ್ಚಿದೆಯಾ, ಬಿಪಿ ಮೇಲಿನದು 90ಕ್ಕಿಂತ ಕೆಳಗೆ ಅಥವಾ ಕೆಳಗಿನದು 60 ಅಥವಾ ಅದಕ್ಕಿಂತ ಕಡಿಮೆ ಇದೆಯಾ, ವಯಸ್ಸು 65 ಆಗಿದೆಯಾ. ಸೊನ್ನೆ ಅಂಕ ಇದ್ದವರಲ್ಲಿ ಸತ್ತವರು ಶೇ. 0.7, ಮೂರು ಇದ್ದವರಲ್ಲಿ ಶೇ. 17, ಐದೂ ಇದ್ದವರಲ್ಲಿ ಶೇ. 57. ಇಲ್ಲಿ ವಯಸ್ಸಿಗೆ ಐದರಲ್ಲಿ ಒಂದೇ ಪಾಲು. ಉಳಿದ ನಾಲ್ಕೂ ಈ ಹೊತ್ತು ಮೈಯಲ್ಲಿ ಏನಾಗ್ತಿದೆ ಅನ್ನೋದು. ಯೂರಿಯಾ ಬಿಟ್ಟರೆ ಯಾವುದಕ್ಕೂ ಲ್ಯಾಬ್ ಬೇಡ, ಹಾಗೆ ಬಿಟ್ಟು ಬಳಸುವ ರೂಪವೂ ಇದೆ. ಊರಲ್ಲಿರುವ ಅಮ್ಮ ಫೋನಿನಲ್ಲಿ ‘ನಿಮ್ಮಪ್ಪ ಯಾಕೋ ಮಂಕಾಗವ್ರೆ, ಜ್ವರ ಏನಿಲ್ಲ’ ಅಂದಾಗ ವಿಡಿಯೋ ಕಾಲ್ ಮಾಡಿ ಎದೆ ಏರಿಳಿಯೋದನ್ನು ಒಂದು ನಿಮಿಷ ಎಣಿಸಬಹುದು. ಯಾವ ವಾರ, ನಾನ್ಯಾರು ಅಂತ ಕೇಳಬಹುದು. ಅಂಕ ಹಾಕೋದು, ಚಿಕಿತ್ಸೆ ತೀರ್ಮಾನಿಸೋದು ಡಾಕ್ಟರ ಕೆಲಸ. ಇವತ್ತೇ ಕರ್ಕೊಂಡು ಹೋಗಿ ಅನ್ನೋಕೆ ಅಷ್ಟು ಸಾಕು.

ಹಾಗಾದರೆ ವಯಸ್ಸಿನೊಳಗೆ ನಿಜವಾಗಿ ಏನಿದೆ? ಒಂದಷ್ಟು ಗೊತ್ತೇ ಇದೆ: ರೋಗನಿರೋಧಕ ಶಕ್ತಿ ಇಳಿಯೋದು, ಕೆಮ್ಮಿನ ಬಲ ಕಡಿಮೆಯಾಗೋದು, ಊಟ ಕಮ್ಮಿಯಾಗಿ ಮೈ ಸೊರಗೋದು, ಕುಡಿತ, ಸ್ಟೀರಾಯ್ಡ್ ಮಾತ್ರೆ, ಸೌದೆ ಒಲೆ ಮುಂದೆ ಐವತ್ತು ವರ್ಷ ಊದಿದ ಹೊಗೆ. ಆದರೆ ಯಾರೂ ಮಾತಾಡದ ಒಂದು ವಿಷಯ ಇದೆ, ನುಂಗೋದು. ಊಟ ಮಾಡುವಾಗ ನೆತ್ತಿಗೆ ಹತ್ತಿದರೆ ‘ಯಾರೋ ನೆನೆಸ್ಕೊಂಡ್ರು’ ಅಂತೀವಲ್ಲ, ಅದು ಅನ್ನ ನೀರು ದಾರಿ ತಪ್ಪಿ ಶ್ವಾಸನಾಳದ ಕಡೆ ಹೋಗಿ ಕೆಮ್ಮು ಅದನ್ನು ವಾಪಸು ಓಡಿಸುವ ಗಲಾಟೆ. ಲಕ್ವ ಹೊಡೆದವರಲ್ಲಿ, ಮರೆವಿನ ಕಾಯಿಲೆ ಇದ್ದವರಲ್ಲಿ ಆ ಕಾವಲು ಸಡಿಲ ಆಗುತ್ತೆ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಸದ್ದಿಲ್ಲದೆ ಒಳಗೆ ಇಳಿಯುತ್ತೆ, ಬಾಯಲ್ಲಿರುವ ರೋಗಾಣುಗಳ ಸಮೇತ. ನೆತ್ತಿಗೆ ಹತ್ತೋದೇ ಇಲ್ಲ, ಯಾರೂ ನೆನೆಸ್ಕೊಳ್ಳಲ್ಲ.

ಜಪಾನಿನವರು ಇದನ್ನೇ ಹಿಡಿದು ಒಂದು ಪ್ರಯೋಗ ಮಾಡಿದರು. 11 ವೃದ್ಧಾಶ್ರಮಗಳಲ್ಲಿ ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಪ್ರತಿ ಊಟದ ಮೇಲೆ ಸಿಬ್ಬಂದಿಯೇ ಹಲ್ಲುಜ್ಜಿಸುವುದು, ವಾರಕ್ಕೊಮ್ಮೆ ದಂತವೈದ್ಯರ ಕಡೆಯಿಂದ ಶುಚಿ. ಎರಡು ವರ್ಷ. 2002ರಲ್ಲಿ ಪ್ರಕಟವಾದ ಫಲಿತಾಂಶ: ಹಲ್ಲುಜ್ಜಿಸದ ಗುಂಪಿನ 182 ಜನರಲ್ಲಿ 34 ಮಂದಿಗೆ ನ್ಯುಮೋನಿಯಾ, ಉಜ್ಜಿಸಿದ 184ರಲ್ಲಿ 21 ಮಂದಿಗೆ. ಲೂಯಿ ಕಾಲದಿಂದ ಶುರುವಾದ ಎಣಿಕೆ ಕೊನೆಗೆ ಬಂದು ಮುಟ್ಟಿದ್ದು ಹಲ್ಲುಜ್ಜುವ ಬ್ರಷ್ಷಿಗೆ.

ಮತ್ತೊಂದು ಅಪಾಯ ಮನೆಯಲ್ಲೇ ತೊಡೆ ಮೇಲೆ ಕೂತಿರುತ್ತೆ. ನ್ಯುಮೊಕಾಕಸ್‌ನ ನಿಜವಾದ ಮನೆ ಎಳೆ ಮಕ್ಕಳ ಮೂಗು ಗಂಟಲು. ಮಕ್ಕಳಿಗೆ ಎಷ್ಟೋ ಸಲ ಏನೂ ಆಗಿರಲ್ಲ, ಮೊಮ್ಮಗುವನ್ನು ಎತ್ತಾಡಿಸುವ ಅಜ್ಜಿಗೆ ಅಂಟುತ್ತೆ. 2000ದಲ್ಲಿ ಅಮೆರಿಕ ಏಳು ಬಗೆಯ ಲಸಿಕೆಯನ್ನು ಮಕ್ಕಳಿಗೆ ಶುರುಮಾಡಿತು. ಮರುವರ್ಷದ ಲೆಕ್ಕ ಬಂದಾಗ ರಕ್ತಕ್ಕೆ ಇಳಿಯುವಂಥ ತೀವ್ರ ಸೋಂಕು ಎರಡು ವರ್ಷದೊಳಗಿನ ಮಕ್ಕಳಲ್ಲಿ ಶೇ. 69 ಕಡಿಮೆಯಾಗಿತ್ತು, ಅದು ನಿರೀಕ್ಷಿಸಿದ್ದೇ. ಆ ಲಸಿಕೆಯ ಒಂದು ಹನಿಯನ್ನೂ ಪಡೆಯದ 65 ದಾಟಿದವರಲ್ಲೂ ಶೇ. 18 ಇಳಿದಿತ್ತು.

ನಮ್ಮ ದೇಶದಲ್ಲಿ ಈ ಜಾತಿಯ ಲಸಿಕೆ 2017ರಲ್ಲಿ ಹಿಮಾಚಲ ಪ್ರದೇಶ, ಉತ್ತರ ಪ್ರದೇಶ ಮತ್ತು ಬಿಹಾರದ ಕೆಲವು ಭಾಗಗಳಲ್ಲಿ ಶುರುವಾಗಿ, 2021ಕ್ಕೆ ಕರ್ನಾಟಕವೂ ಸೇರಿ ಎಲ್ಲ ಕಡೆ ಬಂತು. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಉಚಿತವಾಗಿ. ನಮ್ಮೂರಲ್ಲೂ ಲಸಿಕೆ ದಿನ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಕೂಸುಗಳ ಕಾರ್ಡ್ ಕೇಳ್ತಾರೆ, ಕೂಸನ್ನು ಎತ್ತಿಕೊಂಡು ಹೋಗಿ ಸಾಲಲ್ಲಿ ನಿಲ್ಲೋದು ಹೆಚ್ಚಾಗಿ ಅಜ್ಜಿಯರೇ. ಅಜ್ಜಿಗೆ ಬೇಕಾದರೆ ದುಡ್ಡು ಕೊಟ್ಟು ಖಾಸಗಿಯಾಗಿ ಹಾಕಿಸಬೇಕು.